ಹನ್ನೆರಡು ಪದ, ಬಲಗಡೆಯಿಂದ

ಜನರೇಟರ್ ನಾಲ್ಕಕ್ಕೆ ಬರುತ್ತದೆ, ಆರಕ್ಕೆ ಹೋಗುತ್ತದೆ,
ಅಷ್ಟರಲ್ಲಿ ಮುಗಿಯಬೇಕು ಎಂದೆ.
ಸಿತ್ ವದಾದ್ ಕುರ್ಚಿಯ ಅಂಚಿನಲ್ಲಿ ಕೂತರು.
ಉಗುರ ಸಂದಿಯಲ್ಲಿ ಒಣಗಿದ ಅಂಟು,
ಮಡಿಲಲ್ಲಿ ಕೈಚೀಲ,
ಅದರೊಳಗೆ ಬ್ಯಾಂಕಿನ ಪಾಸ್‌ಬುಕ್.
ಯಾಕೆ ತಂದರೋ. ಅಭ್ಯಾಸ.

ಟ್ರಿಪೋಲಿಯ ಬಂದರಿನ ಹಿಂದಿನ ಗಲ್ಲಿಯಲ್ಲಿ
ಮೂವತ್ತೊಂದು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದ ಕೈ.
ಹೊಲಿದು, ಒತ್ತಿ, ಅಂಚು ಕತ್ತರಿಸಿ ಕೂಡಿಟ್ಟದ್ದು
ಬ್ಯಾಂಕಿನ ಪರದೆಯಲ್ಲಿ ಈಗಲೂ ಇದೆ,
ಅಂಕಿಗೆ ಅಂಕಿ ಸರಿ.
ಕೊಡಿ ಎಂದರೆ ಮಾತ್ರ ಇಲ್ಲ.
ಕನ್ನಡಿಯೊಳಗಿನ ಗಂಟು.

ಈಗ ಸಾವೊ ಪೌಲೋದಿಂದ ಯಾರೋ ಬರೆದಿದ್ದಾರೆ:
ಅಜ್ಜ ಹಡಗಿನಲ್ಲಿ ಒಯ್ದ ಲೆಕ್ಕದ ಪುಸ್ತಕ,
ಹೊಸ ಚರ್ಮ ಹೊದಿಸಬೇಕು,
ಕೂಲಿ ಕೈಗೆ ಸಿಗದ ನಾಣ್ಯದಲ್ಲಿ.
'ಲಮೀಸ್, ಅದಕ್ಕೆ ಚೀಲ ಬೇಕಂತಲ್ಲ?'

ಹುಡುಕಿದಾಗ ಮೊದಲು ಬಂದದ್ದನ್ನು ಒತ್ತಲಿಲ್ಲ,
ಹೆಸರಿನಲ್ಲಿ ಒಂದಕ್ಷರ ಹೆಚ್ಚಿತ್ತು.
ಮೂರನೆಯದು ಅಸಲಿ.
ಬ್ರೌಸರಿನ ಮೂಲೆಗೆ ಒಂದು ಚಿಹ್ನೆ ಬಂದು ಕೂತಿತು,
ಕಡಲೆಕಾಳಿನಷ್ಟು.
'ಇದೇನಾ ಚೀಲ?'
'ಇದು ಬಾಗಿಲು.'
'ಒಳಗೆ ಎಷ್ಟಿದೆ?'
'ಸೊನ್ನೆ.'
'ಪರವಾಗಿಲ್ಲ. ನಿಜ ಹೇಳ್ತದೆ.'

ಆಮೇಲೆ ಹನ್ನೆರಡು ಪದಗಳು ಬಂದವು.
ಕಾಗದದಲ್ಲಿ ಬರೆದುಕೊಳ್ಳಿ, ಫೋಟೋ ಬೇಡ,
ಯಾರಿಗೂ ತೋರಿಸಬೇಡಿ,
ಕಂಪನಿಯವರು ಅಂತ ಫೋನ್ ಬಂದರೂ ಬೇಡ,
ನನಗೂ ಬೇಡ, ಎಂದು
ಗೋಡೆಯ ಕಡೆ ತಿರುಗಿ ನಿಂತೆ.

ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರ್.
ಬೆನ್ನ ಹಿಂದೆ ಪೆನ್ಸಿಲಿನ ಸದ್ದು, ಇರುವೆ ಹರಿದಂತೆ.
ಆ ಲಿಪಿ ಅವರಿಗೆ ಓದಲು ಬಾರದು,
ಆದರೆ ಚಿನ್ನದ ಹಾಳೆ ಇಟ್ಟು ಒತ್ತಿ ಒತ್ತಿ ಗುರುತು:
ಹೊಟ್ಟೆಯದು, ಬಾಲದ್ದು,
ಕೊಡೆ ಹಿಡಿದು ನಿಂತದ್ದು.
ಅರ್ಥ ಕೇಳಲಿಲ್ಲ. ಆಕಾರ ಬರೆದರು.

ಯಂತ್ರ ಪರೀಕ್ಷೆಗೆ ಕೇಳಿತು: ಮೂರನೆಯದು ಯಾವುದು?
ತಪ್ಪು.
ಏಳನೆಯದು?
ತಪ್ಪು.
ಮತ್ತೆ ಬರೆದರು, ಕೊರೆದ ಹಾಗೆ ಬರೆದರು,
ಮತ್ತೆ ತಪ್ಪು. ಐದೂ ಕಾಲು.
'ತಿರುಗಿ ನೋಡಲಾ?'
'ನೋಡಬಾರದು ಅಂದದ್ದು ನೀನೇ.'

ಕ್ಯಾಲೆಂಡರಿಗೆ ಮುಖವಿಟ್ಟೇ ಕೇಳಿದೆ,
'ಮೊದಲ ಪದ ಎಲ್ಲಿದೆ, ಸಿತ್?'
'ಮೇಲೆ, ಬಲತುದಿಗೆ.
ಪುಸ್ತಕ ಶುರುವಾಗೋದೇ ಅಲ್ಲಿಂದ ಅಲ್ವಾ?'

ಒಂಬತ್ತು ವರ್ಷ ಈ ಅಂಗಡಿ ನಡೆಸಿದ್ದೇನೆ,
ನನಗೆ ಹೊಳೆಯಲಿಲ್ಲ.
ಪ್ರತಿ ಪದದ ಪಕ್ಕ ಅಂಕಿ ಇದೆಯಲ್ಲ ಎಂದರೆ
ಇರಬಹುದು, ಕನ್ನಡಕ ಮನೆಯಲ್ಲಿದೆ, ಎಂದರು.
ಎಡದಿಂದ, ಎಂದೆ.
ಎಡದಿಂದ, ಎಂದು ಗೊಣಗಿದರು,
ಇಡೀ ಪುಸ್ತಕ ಬಿಚ್ಚಿ ಮತ್ತೆ ಹೊಲಿಯುವವರ ದನಿಯಲ್ಲಿ.
ಬಾಗಿಲು ತೆರೆಯಿತು.

ಇನ್ನು ವಿಳಾಸ. ಅದೊಂದು ಉದ್ದನೆಯ ತೊದಲು.
ಟೈಪ್ ಮಾಡಬೇಡಿ, ನಕಲು ತೆಗೆಯಿರಿ,
ತಲೆಯ ನಾಲ್ಕು, ಬಾಲದ ನಾಲ್ಕು ಅಕ್ಷರ ತಾಳೆ ನೋಡಿ.
ಗಿರಾಕಿ ಮೊದಲು ಒಂದು ಕಾಫಿಯಷ್ಟು ಕಳಿಸಿದ,
ದಾರಿ ಸರಿಯಿದೆಯೋ ನೋಡಲು.
ಉಂಗುರ ತಿರುಗಿತು, ತಿರುಗಿತು.

ಕರೆಂಟು ಹೋಯಿತು.

ಕತ್ತಲಲ್ಲಿ ಅವರ ಉಸಿರು.
'ಹೋಯ್ತಾ?'
'ಇಲ್ಲ. ಅದು ಈ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ.'
'ಮತ್ತೆ ಎಲ್ಲಿ?'
ಹೇಳಲು ನನಗೂ ಪೂರ್ತಿ ಬಾರದು.
'ಬೀಗ ಎಲ್ಲೋ ಇದೆ. ಕೀಲಿ ನಿಮ್ಮ ಕೈಯಲ್ಲಿದೆ.
ಆ ಕಾಗದ ಕಳೆದರೆ
ಕೇಳಲು ಮ್ಯಾನೇಜರ್ ಯಾರೂ ಇಲ್ಲ.'

ಮ್ಯಾನೇಜರ್ ಇಲ್ಲ ಎಂದದ್ದಕ್ಕೆ ನಕ್ಕರೋ ಬೆಚ್ಚಿದರೋ
ಕತ್ತಲಲ್ಲಿ ತಿಳಿಯಲಿಲ್ಲ.
ಕಾಗದ ಎಂಟು ಮಡಿಕೆ ಆದ ಸದ್ದು ಮಾತ್ರ.
'ಒಂದು ಪುಸ್ತಕದ ಬೆನ್ನಿನಲ್ಲಿ ಇಟ್ಟು ಹೊಲೀತೀನಿ. ಯಾವುದು ಅಂದ್ರೆ...'
ಕಿವಿ ಮುಚ್ಚಿಕೊಂಡೆ.

ಫೋನಿನ ಬೆಳಕಿನಲ್ಲಿ ಕೈಚೀಲ ತಡಕಿ
ಪಾಸ್‌ಬುಕ್ ಹೊರತೆಗೆದರು,
ಎರಡು ಬೆರಳಲ್ಲಿ ಅಗಲಿಸಿ ನಡುವಿನ ಹಾಳೆ ತೋರಿಸಿದರು:
'ನೋಡು. ಪಿನ್ನು ಹೊಡೆದಿದ್ದಾರೆ,
ಹೊಲಿದೇ ಇಲ್ಲ.
ನಾನು ಅವತ್ತೇ ತಿಳ್ಕೋಬೇಕಿತ್ತು.'