ನೀರಿಗೆ ಒಳಗೆ ಕೇಳಬೇಕೆ?

ಸಾಲಗಾಮೆ ರಸ್ತೆಯ ಹೆಬ್ಬಾರರ ಹೋಟೆಲಿಗೆಂದು
ನಾನು ಪೈಥಾನಿನಲ್ಲಿ ಬರೆದ ವೆಬ್‌ಸೈಟು
ನನ್ನ ಲ್ಯಾಪ್‌ಟಾಪಿನಲ್ಲಿದ್ದಷ್ಟು ದಿನ ಸರ್ವಾಲಂಕೃತೆ.
ಸರ್ವರಿಗೇರಿಸಿ, ಡೀಬಗ್ಗನ್ನು ಫಾಲ್ಸ್ ಮಾಡಿದ ಬೆಳಿಗ್ಗೆ
ಮೈಮೇಲೆ ಒಂದೆಳೆ ಬಣ್ಣವಿಲ್ಲ.
ಬಿಳಿ ಹಾಳೆ; ಎಡಗೋಡೆಗೆ ಒತ್ತಿಕೊಂಡ ಕರಿ ಅಕ್ಷರ;
ದೋಸೆಯ ಚಿತ್ರವಿರಬೇಕಾದಲ್ಲಿ ಒಡೆದ ಚೌಕ,
ಚೌಕದೊಳಗೆ ನಾನೇ ಎಂದೋ ಬರೆದಿಟ್ಟ ಹೆಸರು:
ಖಾಲಿ.

ಹೆಬ್ಬಾರರು ಕನ್ನಡಕ ಮೇಲೆತ್ತಿ ಫೋನು ನೋಡಿದರು.
"ಸರಿಯಾಗೇ ಇದೆಯಲ್ಲಮ್ಮ ವಾರಿಜಾ,
ಖಾಲಿ ಅಂತಲೇ ಬರೆದಿದೀಯ."

ಲಾಗಿನಲ್ಲಿ ಒಂದೇ ಸಮನೆ
ನಾನೂರ ನಾಲ್ಕು, ನಾನೂರ ನಾಲ್ಕು,
ಕದ ತೆರೆಯದೆ ಒಳಗಿಂದಲೇ ಇಲ್ಲವೆನ್ನುವ
ಬಾಡಿಗೆ ಮನೆಯ ಒಡತಿಯ ಹಾಗೆ.

ಮೂರು ದಿನ ಮೂಲೆಯ ಮೇಜು ಹಿಡಿದು ಕೂತೆ.
ನನ್ನ ಕಾಫಿಯ ಲೆಕ್ಕ ಬರೆಯುವುದನ್ನು ಎರಡನೇ ದಿನವೇ ಬಿಟ್ಟರು.
ಸಣ್ಣತಮ್ಮ ನೀರಿಡುವುದನ್ನು ಆಗ ನೋಡಿದ್ದು:
ಗಿರಾಕಿ ಕುರ್ಚಿ ಎಳೆಯುವ ಮೊದಲೇ ಲೋಟ ಮೇಜಿನ ಮೇಲೆ.
ಒಂದು ಕೈಗೆ ನಾಲ್ಕು ಲೋಟ, ನಾಲ್ಕರೊಳಗೂ ಒಂದೊಂದು ಬೆರಳು,
ಯಾರೂ ದೂರಿದ್ದಿಲ್ಲ.
ಒಳಗೆ ಗಣಪಯ್ಯ. ಈರುಳ್ಳಿ ಬೇಡವೆಂದವರಿಗೆ ಒಂದು,
ಗರಿಗರಿ ಬೇಕೆಂದವರಿಗೆ ಒಂದು, ಮಗುವಿಗೆ ಅಂಗೈಯಗಲದ್ದು;
ಕೇಳಿದ ಮೇಲೆಯೇ ಹಿಟ್ಟು ಹಂಚಿಗೆ.
"ನೀವು ನೀರು ಕೊಡೋದಿಲ್ವಾ?" ಅಂದೆ.
ಸೌಟೆತ್ತಿ ಹಿಡಿದು ನನ್ನನ್ನೇ ನೋಡಿದರು.
"ನೀರಿಗೆ ಯಾರಾದ್ರೂ ಒಳಗೆ ಕೇಳ್ತಾರೇನವ್ವ?"

ಶುರುವಿನ ವರ್ಷ ಅವರೇ ಕೊಡುತ್ತಿದ್ದರಂತೆ.
ಎರಡೇ ಮೇಜು. ಕೈಯೊರೆಸಿಕೊಂಡು ಬಂದು ಲೋಟವಿಟ್ಟು
ಓಡಿಹೋಗಿ ದೋಸೆ ಮಗುಚಿ.
ಕಾಲೇಜು ಮಕ್ಕಳು ನುಗ್ಗಿದ ಒಂದು ಸೋಮವಾರ
ಹಂಚಿನಿಂದೆದ್ದ ಹೊಗೆ ರಸ್ತೆಗೆ ಬಂದಿತ್ತು.

ನನ್ನ ಪೈಥಾನೂ ಇದನ್ನೇ ಹೇಳಿದ್ದು, ನನಗೆ ಕೇಳಿರಲಿಲ್ಲ.
ಮನೆಯಲ್ಲಿ ನಾನೊಬ್ಬಳೇ ಗಿರಾಕಿಯಾಗಿದ್ದಾಗ
ಬಣ್ಣ, ಗುಂಡಿ, ಚಿತ್ರ ಎಲ್ಲ ತಾನೇ ಹೊತ್ತು ತಂದದ್ದು
ಅಕ್ಕರೆಗೆ. ಕಸುಬಿಗಲ್ಲ.

ಅಲ್ಲೊಂದು ಇಲ್ಲೊಂದು ಫೋಲ್ಡರಿನಲ್ಲಿ ಚದುರಿದ್ದನ್ನು
ಒಂದೇ ಆಜ್ಞೆಗೆ ಬಾಗಿಲ ಪಕ್ಕ ಒಟ್ಟಿದೆ:
ನೂರ ನಲವತ್ತೊಂದು ಕಡತ.
ಎಂಜಿನ್‌ಎಕ್ಸನ್ನು ಅಲ್ಲಿ ನಿಲ್ಲಿಸಿ ಕಿವಿಯಲ್ಲಿ ಹೇಳಿದೆ:
ಸ್ಟ್ಯಾಟಿಕ್ ಎಂದು ಬಂದವರಿಗೆ ನೀನೇ ಎತ್ತಿಕೊಡು,
ಒಳಗೆ ಕೂಗಬೇಡ.
(ಕೊನೆಯ ಓರೆಗೀಟು ಮರೆತು ಒಂದು ಮಧ್ಯಾಹ್ನ ಹೋಯಿತು. ಇರಲಿ.)
ಬಂದ ಪ್ರತಿ ಫೋನಿಗೂ ಇನ್ನೊಂದು ಮಾತು:
ಇವು ಬದಲಾಗುವ ಪೈಕಿಯಲ್ಲ,
ವರ್ಷದ ತನಕ ನಿಮ್ಮಲ್ಲೇ ಇಟ್ಟುಕೊಳ್ಳಿ, ಮತ್ತೆ ಕೇಳಬೇಡಿ.

ದೀಪಾವಳಿ ಕಳೆದು ಸಣ್ಣತಮ್ಮ ಕೆಲಸ ಬಿಟ್ಟ.
"ಅವನ ಫೋಟೋ ತೆಗಿ" ಎಂದರು ಹೆಬ್ಬಾರರು.
ಹಳೆಯ ಹೆಸರಿನಲ್ಲೇ ಹೊಸ ಹುಡುಗನನ್ನು ಏರಿಸಿದೆ.
ಹೊಸದಾಗಿ ನೋಡಿದವರಿಗೆ ಹೊಸ ಹುಡುಗ;
ಹೆಬ್ಬಾರರ ಫೋನಿನಲ್ಲಿ, ಹಳೇ ಗಿರಾಕಿಗಳೆಲ್ಲರ ಫೋನಿನಲ್ಲಿ
ಇನ್ನೂ ಸಣ್ಣತಮ್ಮನೇ, ನಾಲ್ಕು ಲೋಟ, ನಾಲ್ಕು ಬೆರಳು.
"ಹೋದವನು ಹೋಗೇ ಇಲ್ಲವಲ್ಲಮ್ಮ!"
ಕೇಳಬೇಡಿ ಎಂದವಳು ನಾನೇ.
ಕೊಟ್ಟ ಮಾತನ್ನು ಅವು ಉಳಿಸಿಕೊಂಡಿದ್ದವು.
ಆಮೇಲೆ ಕಲಿತೆ: ಚಿತ್ರ ಬದಲಾದರೆ ಹೆಸರೂ ಬದಲಾಗಬೇಕು,
ಹೆಸರಿನ ಬಾಲಕ್ಕೆ ಆ ಕಡತದ್ದೇ ಬೆರಳಚ್ಚು,
ಒಳಗೊಂದು ಚುಕ್ಕೆ ಕದಲಿದರೂ ಬೇರೆ ಅಚ್ಚು.
ಅದನ್ನೂ ಮಾಡಿದೆ. ಸಂಜೆಯೊಳಗೆ ಹಾಸನದ ತುಂಬ
ಅವನು ಮಾಯ.

ಸಿಕ್ಕಿದ್ದು ಮಹಾವೀರ ಸರ್ಕಲ್ಲಿನ ಹತ್ತಿರ.
ತಳ್ಳುಗಾಡಿ, ಒಂದು ಹಂಚು, ಎರಡು ಸ್ಟೂಲು.
ಹುಯ್ಯುವವನೂ ತಾನೇ, ಮಗುಚುವವನೂ ತಾನೇ, ಚಿಲ್ಲರೆಗೂ ತಾನೇ.
"ಕೂತ್ಕಳಿ ಮೇಡಮ್" ಎಂದು ಅರೆಬರೆ ಕೈಯೊರೆಸಿ
ಹಂಚು ಬಿಟ್ಟು ಬಂದು ನೀರಿಟ್ಟ.
ಸ್ಟೀಲು ಲೋಟದ ಅಂಚಿಗೆ
ಹಿಟ್ಟಿನ ಬೆರಳಚ್ಚು ಒಂದು,
ಬೆಳ್ಳಗೆ, ಇನ್ನೂ ಹಸಿ.