ಕಣತಲೆಯ ಹೊಲಿಗೆ

ಸಲಾಲಾದ ಹಾಫಾ ಸೂಕಿನಲ್ಲಿ ಮೂವತ್ತೆಂಟು ವರ್ಷದಿಂದ
ದಿಶ್ದಾಶದ ಕೊರಳಿಗೆ ಗೊಂಡೆ ಕಟ್ಟುವ ಚೆಯ್ಯಬ್ಬ
ಈಗ ಟೊಪ್ಪಿ ಇಟ್ಟರೂ ತಲೆ ಉರಿಯುತ್ತದೆ ಎನ್ನುತ್ತಾರೆ.
ರೊಟ್ಟಿ ನಾಲ್ಕು ಸಲ ಅಗಿದರೆ ದವಡೆ ಸೋಲುತ್ತದೆ,
ಸಂಜೆಗೆ ಜ್ವರ, ಬೆನ್ನು
ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ.

ಕಣತಲೆಯಲ್ಲಿ ಉಬ್ಬಿದ ನರ (ಊರವರಿಗೆ ಎಲ್ಲವೂ ನರವೇ)
ಮುಟ್ಟಿದರೆ ಹುರಿಗಟ್ಟಿದ ನೂಲು.
ಇ.ಎಸ್.ಆರ್. ನೂರಾ ನಾಲ್ಕು.
ಆ ಅಂಕಿ ಬರೆದು ಕಳಿಸಿದವಳು ನಾನೇ.
ವಯಸ್ಸು ಎಪ್ಪತ್ತೊಂದು. ಲೆಕ್ಕ ಕೂಡಿತು:
ಮೈ ತನ್ನ ರಕ್ತನಾಳದ ಮೇಲೆ ತಾನೇ ಮುನಿದಿದೆ.
ಕಾಯುತ್ತ ಕೂತರೆ ಕಣ್ಣು ಹೋದೀತು.
ನಾಳದ ತುಂಡೊಂದು ಕತ್ತರಿಸಿ ತೆಗೆದರು,
ಸ್ಟಿರಾಯ್ಡ್ ಬರೆದರು. ತಪ್ಪೆನ್ನಲಾರೆ.

ಎರಡು ದಿನ ಚೆಯ್ಯಬ್ಬ ಹುಡುಗರಂತೆ ಉಂಡರು.
ಮೂರನೆಯ ರಾತ್ರಿ ನಡುಕ.

ಹೊರಗೆ ಖರೀಫಿನ ಜಿನುಗು, ಕಿಟಕಿಗೆ ಮಂಜು.
ಅವರ ರಕ್ತದ ಬಾಟಲಿ ಐದು ದಿನ ಸುಮ್ಮನಿದ್ದು
ಬೆಳಗಿನ ನಾಲ್ಕಕ್ಕೆ ಯಂತ್ರದೊಳಗಿಂದ ಕೂಗಿತು.
ಬಣ್ಣ ಹಾಕಿ ಕಣ್ಣಿಟ್ಟೆ.
ಚಿರೋಟಿ ರವೆ ಚೆಲ್ಲಿದಂತೆ, ಕೆಂಪಗೆ, ಸಣ್ಣಗೆ.
ಕ್ಯಾಬಿನೆಟ್ಟಿನ ಫ್ಯಾನು ಓಡುತ್ತಿದೆಯೇ,
ಎರಡು ಸಲ ನೋಡಿಕೊಂಡೆ.
ಬ್ರುಸೆಲ್ಲಾ.

"ಹಸಿ ಹಾಲು ಕುಡಿದಿದ್ದಿರಾ?"
ಅವರು ಸೀಲಿಂಗ್ ನೋಡಿದರು.
"ಮುಸಲ್ಲಂ ತರ್ತಾನೆ ಗುಡ್ಡದಿಂದ, ಒಂಟೆಯದ್ದು.
ನೊರೆ ಕೂಡ ಆರಿರುವುದಿಲ್ಲ.
ಅವನ ಮದುವೆ ಬಟ್ಟೆ ಹೊಲಿದವ ನಾನು, ಅವನ ಮಗನದ್ದೂ.
ಎದುರಲ್ಲೇ ಬಟ್ಟಲು ಖಾಲಿ ಮಾಡಬೇಕು.
ಕಾಯಿಸ್ತೇನೆ ಅಂದ್ರೆ
ನಿನ್ನ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ವಾ, ಮಾರಾಯ್ತಿ?"

ನಾಳದ ವರದಿ ಆಮೇಲೆ ಬಂತು: ನಿರ್ದೋಷಿ.
ಸ್ಟಿರಾಯ್ಡನ್ನು ಮೆಲ್ಲಮೆಲ್ಲಗೆ ಇಳಿಸಿದರು,
ಆರು ವಾರಕ್ಕೆ ಎರಡು ಬೇರೆ ಮಾತ್ರೆ.
ಮೂತ್ರ ಕಿತ್ತಳೆಯಾದಾಗ ಚೆಯ್ಯಬ್ಬ ಹೆದರಲಿಲ್ಲ:
"ಅಗ್ಗದ ಬಟ್ಟೆ, ಬಣ್ಣ ಬಿಡ್ತಾ ಉಂಟು."
ಪಟ್ಟಿ ಬಿಚ್ಚಿದ ದಿನ ಕನ್ನಡಿ ಕೇಳಿದರು,
ಕಣತಲೆಯನ್ನು ಬೆಳಕಿಗೆ ತಿರುಗಿಸಿದರು.
"ಯಾರು ಹೊಲಿದದ್ದು? ಒಂದೇ ಅಂತರಕ್ಕೆ ಬಿದ್ದಿಲ್ಲ."

ಸರ್ಕಾರಿ ಫಾರಮ್ಮಿನಲ್ಲಿ 'ಮೂಲ' ಎಂಬ ಖಾನೆ.
"ಅವನ ಹೆಸರು ಬೇಡ," ಎಂದರು,
"ಪ್ರೀತಿಗೆ ಕೊಟ್ಟದ್ದು."
ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ.

ಬಾಗಿಲಲ್ಲಿ ಮುಸಲ್ಲಂ. ಒಂದು ಕೈಯಲ್ಲಿ ಫ್ಲಾಸ್ಕು,
ಇನ್ನೊಂದು ಸೊಂಟಕ್ಕೆ.
ಎ.ಸಿ.ಯ ತಣ್ಣಗಿನಲ್ಲೂ ಹಣೆ ಬೆವೆತಿತ್ತು.
ಎಷ್ಟು ದಿನವಾಯಿತು ಎಂದು ಕೇಳಿದೆ.
ಈದ್‌ನಿಂದ, ಎಂದ, ನಾಚಿಕೊಂಡು.

ಕುರ್ಚಿ ಎಳೆದು ಕೂರಿಸಿದೆ.
ಇನ್ನೊಂದು ಬಾಟಲಿಯ ಮೇಲೆ ಹೆಸರು ಬರೆದೆ.