ಕೀಲಿಯಿಲ್ಲದ ಕೊಂಬು

ಹೊಸ ಪಾದ್ರಿಯವರು ಜರ್ಮನಿಯಿಂದ ತಂದ ಕಾಗದದಲ್ಲಿ
ಸ್ವರಗಳು ಐದು ಗೆರೆಯ ಬೇಲಿ ಹಾರಿ
ತೆಂಗಿನ ತಲೆಯ ಕಾಗೆಗಳ ಹಾಗೆ ಮೇಲೆಲ್ಲೋ ಕೂತಿದ್ದವು.
ಮುನ್ನೂರು ವರ್ಷದ ಹಿಂದೆ ಯಾರೋ ಬೇಟೆಕೊಂಬಿಗೆ ಬರೆದದ್ದು.
ನಮ್ಮಲ್ಲಿ ಅದಿಲ್ಲ. ಹಬ್ಬಕ್ಕೆ ಹತ್ತೊಂಬತ್ತು ದಿನ.

ಬದಿಯಡ್ಕದ ನನ್ನ ಅಂಗಡಿಯಲ್ಲಿ
ಬ್ಯಾಂಡಿನ ಇನಾಸ್ ಮಾಮ ಪೆಟ್ಟಿಗೆಗಳನ್ನು ತೆರೆದರು.

ಟ್ರಂಪೆಟ್ಟು ಸಲೀಸಾಗಿ ಏರಿತು; ಏರಿ
ಕೊಳಲಿನ ಹುಡುಗಿ ಲಿನೆಟ್‌ಳ ಉಸಿರಿಗೆ
ಮೀನಿನ ಮುಳ್ಳಿನ ಹಾಗೆ ಚುಚ್ಚಿತು.
ಯುಫೋನಿಯಂ ಒಂದು ಸ್ಥಾಯಿ ಕೆಳಗೆ ಕೂತು
ಉಂಡ ಮೇಲಿನ ಮಾತಾಡಿತು.
ದಿಬ್ಬಣಗಳಲ್ಲೇ ಸವೆದ ಕಾರ್ನೆಟ್ಟು,
ಎರಡನೇ ಕೀಲಿಗೆ ನಾನೇ ಹಾಕಿದ ಬೆಸುಗೆ,
ಅದಕ್ಕೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ.
ಮಂಗಳೂರಿಂದ ಬಾಡಿಗೆಗೆ ತಂದ ಫ್ರೆಂಚ್ ಹಾರ್ನಿನಲ್ಲಿ
ಮೇಲೆ ಹೋದಷ್ಟೂ ಸ್ವರಗಳು ಒತ್ತೊತ್ತು,
ಕಾಸರಗೋಡಿನ ಸಂಜೆ ಬಸ್ಸು:
ಒಬ್ಬರ ಸೀಟಿನಲ್ಲಿ ಇನ್ನೊಬ್ಬರು ಕೂತುಬಿಡುತ್ತಾರೆ.
ಮೂರು ಸಲ ಒಡೆಯಿತು. ದಿನಕ್ಕೆ ಆರುನೂರು ಬೇರೆ.
"ಇದಕ್ಕೇನು ಎರಡು ಕೊಂಬಿದೆಯಾ!"
ಮಾಮನ ಸಿಟ್ಟು ನೆತ್ತಿಗೇರಿತು.

ಮೂಲೆಯ ಸ್ಟೂಲಿನಲ್ಲಿ ಚಂತು ಮಾರಾರರು ನಕ್ಕರು.
ಅವರದು ಒಂದೇ, ಬಾಗಿದ್ದು,
ನಡುವಿನ ಜೋಡಣೆ ಬಿಟ್ಟು ಬೆಸುಗೆಗೆ ಬಂದದ್ದು.
ಮಲಯಾಳದಲ್ಲಿ ಕೇಳಿದರು:
"ಆ ಕಾಲದವರಿಗೆ ಎಷ್ಟು ಕೀಲಿ, ಹಿಲ್ಡಾ?"
ಇರಲೇ ಇಲ್ಲ, ಎಂದೆ.
"ನನಗೂ ಇಲ್ಲ."

ಬಿಸಿ ಆರದ ಕೊಂಬನ್ನೆತ್ತಿ,
ಹಲ್ಲಿಲ್ಲದ ಕಡೆ ಕೆನ್ನೆ ಬಿಗಿದು, ಊದಿದರು.
ನಾಲ್ಕೋ ಐದೋ ಸ್ವರ. ಬೆರಳಿಗೆ ಕೆಲಸವಿಲ್ಲ;
ತುಟಿಯೇ ಮೆಟ್ಟಿಲು, ತುಟಿಯೇ ಹತ್ತುವ ಕಾಲು.
ರಸ್ತೆಯಾಚೆ ಹಾಲಿನ ಡಿಪೋದವನು ಕ್ಯಾನು ಕೆಳಗಿಟ್ಟ.

ಮಾಮ ಕಾಗದ ಮಡಚಿದರು. ಸ್ವಲ್ಪ ಹೊತ್ತಿಗೆ ಬಿಡಿಸಿದರು.

ಕೊನೆಗೆ ಆರಿಸಿದ್ದು ಫ್ಲೂಗಲ್ ಹಾರ್ನು,
ಉಪ್ಪಳದ ರಿಟೈರ್ಡ್ ಪೊಲೀಸನ ಕಪಾಟಿನದು.
ಅಗಲ ಬಾಯಿ, ಜೇನು ಕಟ್ಟಿದ ಗಂಟಲು.
ಆಳದ ಬಾಯ್ತುಂಡು ನಾನು ಕೂರಿಸಿಕೊಟ್ಟೆ.
ಬೇಟೆಯ ಕರೆ ಬರುವ ಆ ಒಂದು ಸಾಲಿಗೆ ಮಾತ್ರ
ಮೂರನೆಯ ಕೊಳವೆ ಕೂದಲೆಳೆಯಷ್ಟು ಹೊರಗೆಳೆದು
ಒಂದು, ಮೂರು ಕೀಲಿ ಒತ್ತಿ ಹಿಡಿದು
ಮಾಮ ಬೆರಳು ಮರೆತರು.

ಏರುವಾಗ, ಆರನೆಯದಕ್ಕೂ ಎಂಟನೆಯದಕ್ಕೂ ನಡುವೆ
ಕಾಗದದಲ್ಲಿಲ್ಲದ ಒಂದು
ಹಾರ್ಮೋನಿಯಂನ ಬಿಳಿಮನೆಗೂ ಸೇರದೆ, ಕರಿಮನೆಗೂ ಸೇರದೆ
ದಾರಿಯಲ್ಲಿ ಸಿಕ್ಕಿ, ದಾಟಿ ಹೋಯಿತು.
ಆರ್ಗನ್ನಿನ ಬೆಂಜಮಿನ್ ಹುಬ್ಬು ಗಂಟಿಕ್ಕಿದ.
"ಇರಲಿ ಬಿಡು" ಎಂದರು ಮಾಮ.

ಮಾರಾರರ ಹತ್ತಿರ ಬೆಸುಗೆಗೆ ದುಡ್ಡು ಬೇಡವೆಂದೆ.
ಅವರಿಗೆ ಸಿಟ್ಟು ಬಂತು.